ಪವರ್ ಇಲ್ಲದ ಕನ್ನಡಕ

ಅಪ್ಪನ ಅಂತ್ಯಕ್ರಿಯೆ ಮುಗಿದು, ನೆಂಟರೆಲ್ಲ ಹೋಗಿ, ಅಮ್ಮ ಮತ್ತೆ ಬುತ್ತಿ ಅಂಗಡಿಯ ಕೆಲಸಕ್ಕೆ ಹೊರಟ ಮೊದಲ ಬೆಳಿಗ್ಗೆ ಅದು. ಕರೆಗಂಟೆ ಸದ್ದಾಯಿತು. ಚಿಗೂಸಾ ಬಾಗಿಲು ತೆರೆದಳು.

ಹೊರಗೆ ಆ ಹುಡುಗ ನಿಂತಿದ್ದ.

'ಒಬ್ಬರನ್ನು ಬಿಡಲೇಬೇಕು ಅಂದರೆ ಕುರಾತಾ ಅವರನ್ನು ಬಿಡಿ' ಎಂದು ಸಂದರ್ಶನದಲ್ಲಿ ಎಲ್ಲರ ಎದುರಿಗೆ ಅವಳ ಕಡೆ ಕೈ ತೋರಿಸಿದ್ದ ಹುಡುಗ. ಅಂದಿನ ಹಾಗೇ ಕಪ್ಪು ಸೂಟು, ಬಿಳಿ ಅಂಗಿ, ಬಾಚಿ ಕೂರಿಸಿದ ಕೂದಲು. ಕೆಲಸ ಹುಡುಕುವ ವಿದ್ಯಾರ್ಥಿಗಳೆಲ್ಲ ತೊಡುವ ವೇಷ.

"ಕುರಾತಾ ಅವರೇ..." ಅವನು ಸೊಂಟದಿಂದ ಬಾಗಿದ. "ನಾನು ನಿಷಿಮುರಾ ಸೋಹೇ. ನಿಮ್ಮಪ್ಪನ ಫೋಟೋ ಮುಂದೆ ಒಂದು ಊದುಬತ್ತಿ ಹಚ್ಚಿ ಹೋಗೋಣ ಅಂತ ಬಂದೆ."

ಚಿಗೂಸಾಳ ಬೆರಳುಗಳು ಬಾಗಿಲ ಅಂಚನ್ನು ಬಿಗಿಯಾಗಿ ಹಿಡಿದವು.

"ನಮ್ಮನೆ ನಿಮಗೆ ಹೇಗೆ ಗೊತ್ತು?"

"ಅದನ್ನೇ ಹೇಳ್ಬೇಕಿತ್ತು. ಆ ದಿನ ನಾನು..."

"ಕ್ಷಮೆ ಕೇಳೋಕೆ ಬಂದ್ರಾ? ಅಪ್ಪನ ಫೋಟೋ ಮುಂದೆ ಕೂತು ಕೇಳಿದ್ರೆ ಬೇಗ ಸಿಗುತ್ತೆ ಅಂತ ಅನ್ಕೊಂಡ್ರಾ?"

ಅವನು ಮತ್ತೆ ಸೊಂಟದಿಂದ ಬಾಗಿದ.

"ಒಬ್ಬರನ್ನ ಹೊರಗೆ ಬಿಡ್ಬೇಕು ಅಂದ್ರೆ ನಾನೂ ನಿಮ್ಮನ್ನೇ ಬಿಡ್ತೀನಿ, ನಿಷಿಮುರಾ ಅವರೇ."

ಬಾಗಿಲು ಹಾಕಿದಳು. ಹೆಜ್ಜೆ ಸದ್ದು ಬಹಳ ಹೊತ್ತು ಕೇಳಲಿಲ್ಲ. ಆಮೇಲೆ ನಿಧಾನವಾಗಿ ದೂರವಾಯಿತು.

ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಕೋಪ ಬಂದಿದ್ದರೆ ಚೆನ್ನಾಗಿತ್ತು. ಬಂದದ್ದು ಭಯ. ಈಚೆಗೆ ಅವಳಿಗೆ ಬರುವುದು ಅದೊಂದೇ.

ಅಷ್ಟರಲ್ಲಿ ಒಳಗೆ ಫೋನ್ ರಿಂಗಾಯಿತು.

ಅವಳು ಏಳಲಿಲ್ಲ. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ಅದು ನಿಂತ ಮೇಲೂ ಸ್ವಲ್ಪ ಹೊತ್ತು ಕೈ ತೆಗೆಯಲಿಲ್ಲ.

ಮತ್ಸುಯಾಮಾ ನಗರದ ಒಂದು ಕಂಪನಿಯಲ್ಲಿ ಗುಂಪು ಸಂದರ್ಶನ ನಡೆದ ದಿನ ಎಲ್ಲರೂ ಫೋನ್ ಆಫ್ ಮಾಡಿ ಚೀಲದಲ್ಲಿ ಇಟ್ಟಿದ್ದರು. ಮೇಜಿನಾಚೆಯ ಅಧಿಕಾರಿ ನಗುತ್ತಲೇ ಕೇಳಿದ್ದ: ನೀವೆಲ್ಲ ಒಂದೇ ತಂಡ ಅಂತ ಇಟ್ಟುಕೊಳ್ಳಿ, ಈಗ ಒಬ್ಬರನ್ನು ಬಿಡಬೇಕು, ಯಾರನ್ನು? ಉಳಿದವರು ತಲೆ ತಗ್ಗಿಸಿದರು. ಈ ಹುಡುಗ ಮಾತ್ರ ಅವಳ ಹೆಸರು ಹೇಳಿದ. ನಿಮ್ಮ ಉತ್ತರವೇನು ಎಂದು ಅಧಿಕಾರಿ ಅವಳನ್ನು ಕೇಳಿದಾಗ ಅವಳೂ ತಲೆ ತಗ್ಗಿಸಿದಳು. ಮಧ್ಯಾಹ್ನದ ಸುತ್ತಿನ ಸಂದರ್ಶನಕ್ಕೆ ಅವಳನ್ನು ಉಳಿಸಿಕೊಳ್ಳಲಿಲ್ಲ.

ಬೀದಿಗೆ ಬಂದು ಫೋನ್ ಆನ್ ಮಾಡಿದರೆ ಪರದೆ ತುಂಬ ಅಮ್ಮನ ಕರೆಗಳು.

ಅಪ್ಪ ಮಲಗಿದ್ದ ಆಸ್ಪತ್ರೆಗೆ ಓಡಿದಳು. ಅಪ್ಪನಿಗೆ ಇನ್ನೂ ಪ್ರಜ್ಞೆ ಇತ್ತು. "ಮುಗೀತಾ?" ಎಂದು ಕೇಳಿದರು.

"ಮುಗೀತಪ್ಪ. ಚೆನ್ನಾಗಾಯ್ತು."

ಅದು ಅಪ್ಪನಿಗೆ ಅವಳು ಹೇಳಿದ ಕೊನೆಯ ಮಾತು. ಸುಳ್ಳು. ಸಂಜೆ ಬೆಳಕಿರುವಾಗಲೇ ಅಪ್ಪ ಹೋದರು.

ಅಂದಿನಿಂದ ಫೋನ್ ರಿಂಗಾದರೆ ಅವಳು ಎತ್ತುತ್ತಿರಲಿಲ್ಲ.

ಕೊನೆಗೂ ಧೈರ್ಯ ಮಾಡಿ, ಬೆಳಿಗ್ಗೆಯ ಕರೆ ಬಿಟ್ಟುಹೋಗಿದ್ದ ದನಿಸಂದೇಶ ಕೇಳಿದಳು. ಇಮಾಬಾರಿಯ ಟವೆಲ್ ಕಂಪನಿ. ನಾಳೆ ನಿರ್ದೇಶಕರ ಮುಂದೆ ಕೊನೆಯ ಸಂದರ್ಶನ. ಬರುವುದಾದರೆ ಇಂದು ಐದು ಗಂಟೆಯೊಳಗೆ ಫೋನ್ ಮಾಡಿ ತಿಳಿಸಬೇಕು.

ಅವಳ ಕೈಯಲ್ಲಿ ಉಳಿದಿದ್ದ ಒಂದೇ ಕಂಪನಿ ಅದು. ಬೇರೆ ಎಲ್ಲ ಕಡೆಯಿಂದ ಇಲ್ಲ ಎಂದು ಬಂದಾಗಿತ್ತು. ವಸಂತದಲ್ಲಿ ಪದವಿ. ಕಂಪನಿಗಳು ಕರೆಯುವುದು ಆ ವರ್ಷ ಓದು ಮುಗಿಸುವವರನ್ನೇ. ಅದರೊಳಗೆ ಕೆಲಸ ಗಟ್ಟಿಯಾಗದಿದ್ದರೆ ಮುಂದಿನ ವರ್ಷ 'ಹೋದ ವರ್ಷ ಉಳಿದುಹೋದವಳು' ಎಂಬ ಹೆಸರು ಹೊತ್ತು ಹೊಸಬರ ಸಾಲಿನ ಹೊರಗೆ ನಿಲ್ಲಬೇಕು.

ಕಿಟಕಿಯ ಕೊಕ್ಕೆಯಲ್ಲಿ ಅವಳ ಕಪ್ಪು ಸೂಟು ನೇತಾಡುತ್ತಿತ್ತು. ಇದ್ದದ್ದು ಅದೊಂದೇ, ಅಪ್ಪನ ಅಂತ್ಯಕ್ರಿಯೆಗೂ ಅದನ್ನೇ ತೊಟ್ಟಿದ್ದಳು. ಮೂಗಿನ ಹತ್ತಿರ ತಂದು ನೋಡಿದಳು. ಊದುಬತ್ತಿಯ ವಾಸನೆ ಹೋಗಿರಲಿಲ್ಲ.

*ನಾಳೆ ಅವರ ಮುಂದೆ ಕೂತರೆ ಇದು ಅವರ ಮೂಗಿಗೆ ಬಡಿಯುತ್ತದೆ. ಯಾರು ತೀರಿಕೊಂಡರು ಎಂದು ಕೇಳುತ್ತಾರೆ. ಆಗ ನಾನು...*

ಬೇಡ. ಹೋಗುವುದೇ ಬೇಡ.

ಮಧ್ಯಾಹ್ನ ಅಮ್ಮ ಅಂಗಡಿಯಲ್ಲಿ ಉಳಿದ ಬುತ್ತಿ ಹಿಡಿದುಕೊಂಡು ಬಂದಳು.

"ಊಟ ಮಾಡಿದ್ಯಾ?"

"ಹೂಂ."

"ಸುಳ್ಳಿ. ಒಲೆ ತಣ್ಣಗಿದೆ." ಅಮ್ಮ ಬುತ್ತಿಯ ಮುಚ್ಚಳ ತೆಗೆದು ಮುಂದಿಟ್ಟಳು. "ಮೀನು ತಿನ್ನು. ಮೂಲಂಗಿ ನಿಮ್ಮಪ್ಪನಿಗೆ."

ಮೂಲಂಗಿ ಉಪ್ಪಿನಕಾಯಿಯನ್ನು ಪುಟ್ಟ ತಟ್ಟೆಯಲ್ಲಿ ಹಾಕಿ ಅಪ್ಪನ ಫೋಟೋ ಮುಂದೆ ಇಟ್ಟಳು. ಆಮೇಲೆ ಸುಮ್ಮನೆ ಕೂರಲಾರದೆ, ಆಸ್ಪತ್ರೆಯಿಂದ ತಂದು ಮೂಲೆಗೆ ತಳ್ಳಿದ್ದ ಚೀಲವನ್ನು ಎಳೆದುಕೊಂಡು ಬಿಚ್ಚತೊಡಗಿದಳು. ಟವೆಲ್, ಹಲ್ಲುಜ್ಜುವ ಬ್ರಷ್, ಒಳಗಿನ ಬಟ್ಟೆಗಳು.

"ಅಯ್ಯೋ, ಇದು ಇಲ್ಲೇ ಉಳ್ಕೊಂಡಿದೆಯಲ್ಲ."

ಅಮ್ಮನ ಕೈಯಲ್ಲಿ ದಪ್ಪ ಕಪ್ಪು ಚೌಕಟ್ಟಿನ ಕನ್ನಡಕ.

ಚಿಗೂಸಾಳ ತುತ್ತು ಬಾಯಲ್ಲೇ ನಿಂತಿತು. ಆಸ್ಪತ್ರೆಯ ಮಂಚದಲ್ಲೇ ಬೆನ್ನಿಗೆ ದಿಂಬು ಕೊಟ್ಟುಕೊಂಡು, ಈ ಕನ್ನಡಕವನ್ನು ಮೂಗಿನ ತುದಿಗೆ ಏರಿಸಿ, ಅಪ್ಪ ಪ್ರತಿ ಸಂಜೆ ಅವಳನ್ನು ಸಂದರ್ಶಿಸುತ್ತಿದ್ದರು. ಜೀವಮಾನವಿಡೀ ಮಿತ್ಸುಹಾಮಾ ದಡದಲ್ಲಿ ದೋಣಿಗಳ ಹಗ್ಗ ಕಟ್ಟಿದವರು. ಸಂದರ್ಶನ ಎಂಬುದನ್ನು ಕಂಡವರೇ ಅಲ್ಲ. "ಕುರಾತಾ ಚಿಗೂಸಾ ಅವರೇ, ಒಳಗೆ ಬನ್ನಿ. ನಮ್ಮ ಕಂಪನಿಯನ್ನೇ ಯಾಕೆ ಆರಿಸಿಕೊಂಡಿರಿ?" ಎಂದು ದನಿ ದಪ್ಪ ಮಾಡಿ ಕೇಳುವರು. ಕನ್ನಡಕ ಎಲ್ಲಿಂದ ಬಂತಪ್ಪ ಎಂದರೆ, "ಮುಖ್ಯ ಕಚೇರಿಯಿಂದ ಕಳಿಸಿದ್ದಾರೆ" ಎನ್ನುವರು.

"ಅದು ಅಪ್ಪನದ್ದಲ್ವಾ ಅಮ್ಮ?"

"ಎಲ್ಲಿಂದ ಬರಬೇಕು? ಪಕ್ಕದ ಮಂಚದ ಅಜ್ಜನ ಮೊಮ್ಮಗನದ್ದು. ಎರವಲು ತಗೊಂಡಿದ್ರು. ಪರದೆ ಆಚೆ ಕೂತಿರ್ತಿದ್ದ ಪಾಪ, ನೀನು ಬಂದ್ರೆ ಹೊರಗೇ ಬರ್ತಿರ್ಲಿಲ್ಲ."

ಚಿಗೂಸಾ ಕನ್ನಡಕ ಹಾಕಿಕೊಂಡಳು. ಅಮ್ಮನ ಮುಖ ಹಾಗೇ ಕಂಡಿತು. ಗೋಡೆ ಹಾಗೇ ಕಂಡಿತು.

"ಇದರಲ್ಲಿ ಪವರೇ ಇಲ್ಲ."

"ಅವನ ಕಣ್ಣು ಚೆನ್ನಾಗೇ ಇದೆಯಲ್ಲ. ಸಂದರ್ಶನದಲ್ಲಿ ಬುದ್ಧಿವಂತನ ಹಾಗೆ ಕಾಣ್ಲಿ ಅಂತ ಹಾಕ್ಕೊಳ್ತಿದ್ನಂತೆ. ನಿಮ್ಮಪ್ಪ, 'ನನಗೆ ಕೊಡೋ, ನನಗೇ ಹೆಚ್ಚು ಬೇಕು' ಅಂತ ಇಸ್ಕೊಂಡ್ರು." ಅಮ್ಮ ನಗಲು ಹೋದಳು, ಆಗಲಿಲ್ಲ. "ನಿಷಿಮುರಾ ಅಜ್ಜ ಅಂತ. ಇನ್ನೂ ಅಲ್ಲೇ ಇದ್ದಾರೆ."

ನಿಷಿಮುರಾ.

ಚಿಗೂಸಾ ಕನ್ನಡಕ ತೆಗೆದಳು. ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

*ಅವನಿಗೆ ನಾನು ಯಾರೆಂದು ಗೊತ್ತಿತ್ತು. ಗೊತ್ತಿದ್ದೂ ನನ್ನ ಹೆಸರನ್ನೇ ಹೇಳಿದ...*

ಟ್ರಾಮ್ ಆಸ್ಪತ್ರೆಯ ಎದುರು ನಿಂತಾಗ ಅವಳ ಕಾಲು ಇಳಿಯಲು ಒಪ್ಪಲಿಲ್ಲ. ಹಿಂದಿದ್ದ ಹೆಂಗಸು "ಇಳೀತೀರಾ?" ಎಂದ ಮೇಲೆ ಇಳಿದಳು.

ವಾರ್ಡಿನಲ್ಲಿ ಅಪ್ಪನ ಮಂಚದ ಮೇಲೆ ಬೇರೆ ಯಾರೋ ಮಲಗಿದ್ದರು. ಅವರ ಚಪ್ಪಲಿ ಅಪ್ಪನ ಚಪ್ಪಲಿ ಇದ್ದ ಜಾಗದಲ್ಲೇ ಇದ್ದವು. ಅವಳು ಅತ್ತ ನೋಡದೆ ಪಕ್ಕದ ಪರದೆಯ ಮುಂದೆ ನಿಂತಳು.

"ಯಾರದು? ನರ್ಸಮ್ಮ ಆದ್ರೆ ಸೂಜಿ ಬೇಡ. ಬೇರೆಯವ್ರಾದ್ರೆ ಬನ್ನಿ."

ಪರದೆ ಸರಿಸಿದರೆ ಮುದುಡಿದ ಪುಟ್ಟ ಅಜ್ಜ. ಅವಳನ್ನು ಕಂಡು ಅವನ ಹುಬ್ಬು ಮೇಲೇರಿದವು.

"ಓ, ಕುರಾತಾನ ಮಗಳು. ಕಣ್ಣು ಅಪ್ಪನದ್ದೇ. ದನಿ ಕೇಳಿ ಕೇಳಿ ಮುಖ ಹೇಗಿರುತ್ತೆ ಅಂತ ಒಂದು ಅಂದಾಜು ಹಾಕಿದ್ದೆ. ಅದಕ್ಕಿಂತ ಚೆನ್ನಾಗಿದ್ದೀಯ."

"ಅಜ್ಜ, ಸೋಹೇ ಅವರು..."

"ನಿಮ್ಮಪ್ಪ ಬರೆದುಕೊಟ್ಟಿದ್ದ ವಿಳಾಸ ಹಿಡ್ಕೊಂಡು ಬೆಳಿಗ್ಗೆ ಊದುಬತ್ತಿ ಹಚ್ತೀನಿ ಅಂತ ಹೋದೋನು ಒದೆ ತಿಂದ ನಾಯಿ ಹಾಗೆ ವಾಪಸ್ ಬಂದ. ಆ ಕೊನೇ ಕಿಟಕಿ ಹತ್ರ ಕೂತಿದ್ದಾನೆ, ನೋಡು. ಇಷ್ಟು ದಿನ ಪರದೆ ಹಿಂದೆ ಅಡಗಿಸಿಟ್ಟು ಸಾಕಾಗಿದೆ ನನಗೆ. ಕರ್ಕೊಂಡು ಹೋಗು."

ಸೋಹೇ ಅವಳನ್ನು ನೋಡಿ ಎದ್ದು ನಿಂತ. ಸೂಟಿನ ಕೋಟು ತೆಗೆದು ತೋಳಿಗೆ ಹಾಕಿಕೊಂಡಿದ್ದ.

"ಗೊತ್ತಿದ್ದೂ ಯಾಕೆ ನನ್ನ ಹೆಸರು ಹೇಳಿದ್ರಿ?" ಅವಳು ಪೀಠಿಕೆ ಹಾಕಲಿಲ್ಲ.

ಅವನು ಕಿಟಕಿಯ ಕಡೆ ತಿರುಗಿ ಹೇಳಿದ.

"ಆ ದಿನ ಸಂಜೆವರೆಗೂ ಸಂದರ್ಶನ ಅಂತ ಬೆಳಿಗ್ಗೇನೇ ಅಜ್ಜನಿಗೆ ಒಗೆದ ಬಟ್ಟೆ ಕೊಡೋಕೆ ಬಂದಿದ್ದೆ. ನಿಮ್ಮಪ್ಪನ ಸುತ್ತ ಡಾಕ್ಟರುಗಳು ನಿಂತಿದ್ರು. ನಿಮ್ಮಪ್ಪ ನನ್ನ ತೋಳು ಹಿಡ್ಕೊಂಡ್ರು. 'ಇವತ್ತು ಅವಳಿಗೂ ನೀನು ಹೋಗೋ ಕಂಪನೀಲೇ ಸಂದರ್ಶನ. ಏನೂ ಹೇಳ್ಬೇಡ. ಸಂಜೆವರೆಗೂ ಮುಗಿಸ್ಕೊಂಡು ಬರ್ಲಿ. ಹೇಳಿದ್ರೆ ದೆವ್ವ ಆಗಿ ಬಂದು ಕಾಡ್ತೀನಿ' ಅಂದ್ರು. ನಾನು ಹೂಂ ಅಂದೆ."

ಚಿಗೂಸಾ ಗೋಡೆಗೆ ಕೈ ಕೊಟ್ಟಳು.

"ನಿಮ್ಮೆದುರು ಕೂತಿದ್ದೆ. ಹೇಳೋ ಹಾಗಿರ್ಲಿಲ್ಲ. ಸಂಜೆ ತನಕ ನೀವಲ್ಲಿ ಕೂತ್ರೆ ಅವರನ್ನ ನೋಡೋಕೇ ಆಗಲ್ಲ ಅನ್ನಿಸ್ತು... ಅಷ್ಟರಲ್ಲಿ ಆ ಮನುಷ್ಯ ಯಾರನ್ನ ಬಿಡ್ತೀರಿ ಅಂತ ಕೇಳಿದ. ನನ್ನ ಬಾಯಿಂದ ನಿಮ್ಮ ಹೆಸರು ಬಂತು."

"ನನ್ನ ಬದುಕಿನ ತೀರ್ಮಾನ ಮಾಡೋಕೆ ನಿಮಗೆ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ನಾನು ಮಾಡಿದ್ದು ತಪ್ಪೇ ಇರಬಹುದು. ನೀವು ಬೈದ್ರೂ ಅದನ್ನ ವಾಪಸ್ ತಗೊಳ್ಳೋಕೆ ಆಗಲ್ಲ." ಅವಳ ಕಡೆ ತಿರುಗಿದ. "ತಲುಪಿದ್ರಾ ನೀವು? ಅವರಿನ್ನೂ... ಇದ್ರಾ?"

ಅದೊಂದು ಪ್ರಶ್ನೆಗೆ ಅವಳಲ್ಲಿ ಇಷ್ಟು ದಿನ ಹೆಪ್ಪುಗಟ್ಟಿದ್ದು ಒಡೆಯಿತು. ಅಂತ್ಯಕ್ರಿಯೆಯಲ್ಲಿ ಅತ್ತಿರಲಿಲ್ಲ ಅವಳು. ಈಗ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಮುಖ ಮುಚ್ಚಿಕೊಳ್ಳಲೂ ಮರೆತು ಅತ್ತಳು. ಅವನು ಮುಟ್ಟಲಿಲ್ಲ, ಸಮಾಧಾನ ಹೇಳಲಿಲ್ಲ. ಎದುರಿಗೆ ನೆಲದ ಮೇಲೆ ಕೂತ.

"ಇದ್ರು," ಎಂದಳು ಕೊನೆಗೆ. "ಕೈ ಹಿಡ್ಕೊಂಡಿದ್ದೆ. ಮುಗೀತಾ ಅಂತ ಕೇಳಿದ್ರು. ಚೆನ್ನಾಗಾಯ್ತು ಅಂತ ಸುಳ್ಳು ಹೇಳ್ದೆ."

"ಸುಳ್ಳು ಅಂತ ಅವರಿಗೆ ಗೊತ್ತಾಗಿರುತ್ತೆ. ಮಧ್ಯಾಹ್ನವೇ ಬಂದ್ರಲ್ಲ ನೀವು."

ಅದು ಅವಳಿಗೆ ಹೊಳೆದೇ ಇರಲಿಲ್ಲ. ಸಂಜೆ ಬರಬೇಕಾದ ಮಗಳು ಮಧ್ಯಾಹ್ನ ಬಂದಿದ್ದಳು. ಆದರೂ ಅಪ್ಪ ಅವಳ ಕೈ ಬಿಟ್ಟಿರಲಿಲ್ಲ.

"ನಿಮಗೆ ಆ ಕೆಲಸ ಸಿಕ್ತಾ?" ಕಣ್ಣು ಒರೆಸಿಕೊಂಡು ಕೇಳಿದಳು.

"ಎಲ್ಲಿ? ಮಧ್ಯಾಹ್ನ ಕಾರಣ ಕೇಳಿದ್ರು. ಹೇಳೋಕಾಗ್ಲಿಲ್ಲ. 'ನಿಮ್ಮ ಮುಂದಿನ ಏಳಿಗೆಗೆ ಪ್ರಾರ್ಥಿಸುತ್ತೇವೆ' ಅಂತ ಮಿಂಚಂಚೆ ಬಂತು. ನನಗೋಸ್ಕರ ಇಷ್ಟೊಂದು ಕಂಪನಿಗಳು ಪ್ರಾರ್ಥಿಸ್ತಿವೆ, ಇನ್ನು ನನ್ನ ಹೆಸರಲ್ಲಿ ಗುಡಿ ಕಟ್ಟೋದೊಂದು ಬಾಕಿ."

ಅವಳು ಮೂಗು ಒರೆಸಿಕೊಳ್ಳುತ್ತಲೇ ನಕ್ಕುಬಿಟ್ಟಳು. ನಕ್ಕದ್ದಕ್ಕೆ ಮತ್ತೆ ಭಯವಾಯಿತು.

"ದೆವ್ವ ಬಂತಾ?"

"ದಿನಾ ಕಾಯ್ತಿದ್ದೀನಿ. ಬಂದಿಲ್ಲ." ಅವನ ದನಿ ತಗ್ಗಿತು. "ಬಂದ್ರೆ ಕೇಳ್ಬೇಕು ಅಂತಿದ್ದೆ. ನಿಮ್ಮ ಮಗಳ ಉತ್ತರ ಯಾಕೆ ಬದಲಾಯಿಸಿದ್ರಿ ಅಂತ."

"ಯಾವ ಉತ್ತರ?"

"ಒಂದು ಸಂಜೆ ನಿಮ್ಮಪ್ಪ, ನಿಮ್ಮ ದೌರ್ಬಲ್ಯ ಏನು ಅಂತ ಕೇಳಿದ್ರು. 'ಹೆದರಿಕೆ. ಎಲ್ಲಕ್ಕೂ ಹೆದರ್ತೀನಿ. ಆದ್ರೂ ಬರೋದು ಬಿಡಲ್ಲ' ಅಂದ್ರಿ ನೀವು. ಹಾಗೆಲ್ಲ ಹೇಳಬಾರ್ದು, ಬೇರೆ ಹೇಳು ಅಂತ ಗದರಿದ್ರು ಅವರು. ಪರದೆ ಈಚೆ ಕೂತು ನನಗೆ... ಆ ಮೊದಲನೇದೇ ಸರಿ ಇತ್ತು ಅನ್ನಿಸ್ತು. ಅವತ್ತಿನಿಂದ ಅಜ್ಜನ ಬಟ್ಟೆ ತರೋ ಹೊತ್ತನ್ನ ಸಂಜೆಗೆ ಬದಲಾಯಿಸ್ಕೊಂಡೆ. ದಿನಾ. ಬಟ್ಟೆ ಕೊಳೆಯಾಗದಿದ್ರೂ."

ಅವನ ಕಿವಿ ಕೆಂಪಾಗಿತ್ತು. ಚಿಗೂಸಾ ತಲೆ ತಗ್ಗಿಸಿದಳು. ಎದೆ ಬಡಿಯುತ್ತಿತ್ತು. ಇದೂ ಭಯವೇ. ಆದರೆ ಇದರಿಂದ ಓಡಿಹೋಗಬೇಕು ಅನ್ನಿಸಲಿಲ್ಲ.

ಗೋಡೆ ಗಡಿಯಾರ ನೋಡಿದಳು. ಐದಕ್ಕೆ ಇನ್ನು ಸ್ವಲ್ಪವೇ ಹೊತ್ತು.

"ನಾಳೆ ಇಮಾಬಾರಿಯಲ್ಲಿ ಕೊನೇ ಸಂದರ್ಶನ. ಬರ್ತೀನಿ ಅಂತ ಈಗ ಹೇಳ್ಬೇಕು. ಫೋನ್ ಮುಟ್ಟೋಕೆ ಆಗ್ತಿಲ್ಲ ನನಗೆ. ಸೂಟಿಗೆಲ್ಲ ಊದುಬತ್ತಿ ವಾಸನೆ."

"ಯಾರು ತೀರಿಕೊಂಡ್ರು ಅಂತ ಕೇಳ್ತಾರೆ ಅಂತಾನಾ?"

"ಅದೇ ಭಯ."

"ಕೇಳಿದ್ರೆ ಅಪ್ಪ ಅಂತ ಹೇಳಿ. ಅಲ್ಲೇ ನಿಲ್ಸಿ. ಮುಂದಿಂದು ಅವರ ಪಾಡು."

ಅವಳು ಫೋನ್ ಹೊರತೆಗೆದಳು. ಬೆರಳು ಎರಡು ಸಲ ತಪ್ಪಿತು. ಅತ್ತ ಗಂಟೆ ಹೋಗತೊಡಗಿತು. ಸೋಹೇ ಅವಳ ಚೀಲದ ಪಟ್ಟಿಯ ತುದಿಯನ್ನು ತಾನೂ ಹಿಡಿದುಕೊಂಡ, ಅಷ್ಟೇ.

"ನಮಸ್ಕಾರ. ನಾನು ಕುರಾತಾ ಚಿಗೂಸಾ..." ಕುರ್ಚಿಯಿಂದೆದ್ದು, ಕಾಣದವರಿಗೆ ತಲೆ ಬಾಗಿದಳು. "ನಾಳೆ... ಬರ್ತೀನಿ. ಖಂಡಿತ ಬರ್ತೀನಿ."

ಫೋನನ್ನು ಚೀಲಕ್ಕೆ ಹಾಕಿದಳು.

"ಹೆದರಿಕೆ ಹೋಯ್ತಾ?" ಎಂದ.

"ಇಲ್ಲ."

"ನನಗೂ ಇಲ್ಲ."

ಅವಳು ಚೀಲದಿಂದ ಕರವಸ್ತ್ರದಲ್ಲಿ ಸುತ್ತಿದ್ದ ಕನ್ನಡಕ ತೆಗೆದಳು. ಎರಡೂ ಕೈಯಲ್ಲಿ ಹಿಡಿದು ಬಾಗಿ ಅವನ ಮುಂದೆ ಚಾಚಿದಳು.

"ಅಪ್ಪ ಎರವಲು ತಗೊಂಡಿದ್ದು. ತಡವಾಯ್ತು."

ಅವನು ಕೈ ಮುಂದೆ ಮಾಡಲಿಲ್ಲ. "ನೀವೇ ಇಟ್ಕೊಳ್ಳಿ. ಅವರ ನೆನಪಿಗೆ."

"ಬೇಡ. ಇಟ್ಕೊಂಡ್ರೆ, ವಾಪಸ್ ಕೊಡೋ ನೆಪದಲ್ಲಿ ನಿಮ್ಮನ್ನ ನೋಡೋಕೆ ಬರ್ಬೇಕಾಗುತ್ತೆ." ಕನ್ನಡಕವನ್ನು ಇನ್ನಷ್ಟು ಮುಂದೆ ಚಾಚಿದಳು. "ನಾನು ನೆಪ ಇಲ್ದೇನೇ ಬರ್ತೀನಿ, ಸೋಹೇ."

ಅವನು ತೆಗೆದುಕೊಂಡ. ಹಾಕಿಕೊಂಡು ಅವಳನ್ನು ನೋಡಿದ. ಗಾಜಿನ ಹಿಂದೆ ಅವನ ಕಣ್ಣು ಒದ್ದೆಯಾಗಿದ್ದದ್ದು ಮರೆಯಾಗಲಿಲ್ಲ.

"ಹಾಗಾದ್ರೆ ನಾಳೆ ಸ್ಟೇಷನ್ನಿಗೆ ನಾನೂ ಬರ್ಲಾ, ಚಿಗೂಸಾ?"

"ಬೇಗ ಬನ್ನಿ," ಎಂದಳು. "ಒಬ್ಳೇ ಕಾಯೋಕೆ ಹೆದರಿಕೆ ನನಗೆ."