ಸವೆದ ಅಕ್ಷರಕ್ಕೊಂದು ದಿಂಬು

ದೆವ್ವ-ಗಾಳಿ ನಂಬುವವಳಲ್ಲ ನಾನು. ಮನೆಯ ಮುಂಭಾಗವೇ ನಮ್ಮ ಪ್ರೆಸ್ಸು. ಪೋಸ್ಟರಿಗೆಂದೇ ಮರದ ಅಕ್ಷರಗಳಿವೆ: ದಪ್ಪ, ಎತ್ತರ, ತುಂಬಿದ ಬಸ್ಸಿನಲ್ಲಿ ನಿಂತವರ ಹಾಗೆ ಇಕ್ಕಟ್ಟು. ಅವು ಸವೆದು ಮೂಡಿಸುವ ಗೀರು, ಚುಕ್ಕೆಗಳೆಂದರೆ ಗಿರಾಕಿಗಳಿಗೆ ಪ್ರಾಣ. ‘ಮ’ ಮಾತ್ರ ಒಂದು ಬದಿ ತೀರಾ ಸವೆದು ಅರ್ಧವೇ ಮೂಡುತ್ತಿತ್ತು. ಅಪ್ಪ ರದ್ದಿ ಕಾಗದ ಮಡಿಸಿ, ಮಡಿಕೆಯನ್ನು ನಾಲಿಗೆಯಿಂದ ಒದ್ದೆ ಮಾಡಿ, ನೀಟಾಗಿ ಹರಿದು, ಅಕ್ಷರ ಎದ್ದು ಪೂರ್ತಿ ಮೂಡಲೆಂದು ಅದರಡಿ ಇಡುತ್ತಿದ್ದರು. “ವಯಸ್ಸಾದೋರಿಗೆ ಒಂದು ದಿಂಬು ಬೇಕಮ್ಮ,” ಎನ್ನುತ್ತಿದ್ದರು.

ಅಪ್ಪ ತೀರಿಕೊಂಡ ಮೇಲೆ, ಒಂದು ಮಟಮಟ ಮಧ್ಯಾಹ್ನ, ಮೊದಲ ಸಲ ನಾನೊಬ್ಬಳೇ ಪೋಸ್ಟರ್ ಅಚ್ಚು ಹಾಕಲು ನಿಂತೆ. ‘ಮ’ ಅರ್ಧವೇ ಮೂಡಿತು. “ಇದನ್ನ ಎಸೆದೇ ಬಿಡ್ತೀನಮ್ಮಾ,” ಎಂದು ರೇಗಿ, ಕೈ ತೊಳೆಯಲು ಒಳಗೆ ಹೋದೆ. ಅಮ್ಮ ಒಳಗೇ ಇದ್ದಳು. ಮರಳಿ ಬಂದು ಇನ್ನೊಂದು ಪ್ರತಿ ತೆಗೆದರೆ ‘ಮ’ ಕಪ್ಪಗೆ, ಪೂರ್ತಿಯಾಗಿ ಮೂಡಿತ್ತು. ಕೆಟ್ಟುಹೋದ ಮೊದಲ ಪ್ರತಿಯ ಒಂದು ಮೂಲೆ ಇರಲಿಲ್ಲ. ಅಕ್ಷರಗಳನ್ನು ಬಿಗಿದ ಚೌಕಟ್ಟು ಸಡಿಲಿಸಿ ‘ಮ’ ಎತ್ತಿದೆ. ಮರ ಬೆಚ್ಚಗಿತ್ತು. ಅಡಿಯಲ್ಲಿ ಅದೇ ಮೂಲೆಯ ಚೂರು; ಅಂಚು ಒದ್ದೆ.

ಹಿಂದೆ ಬಂದು ನಿಂತಿದ್ದ ಅಮ್ಮ ನನ್ನ ಕೈ ಹಿಡಿದಳು. “ಇರ್ಲಿ ಬಿಡು. ದಿಂಬು ತೆಗೀಬೇಡ.”

ತೆಗೆದಿಲ್ಲ. ಎರಡು ಬೇಸಿಗೆ ಕಳೆದವು. ಮೊನ್ನೆಯೂ ಅಕ್ಷರ ಎತ್ತಿ ಮುಟ್ಟಿ ನೋಡಿದೆ. ಆ ಅಂಚು ಇನ್ನೂ ಒಣಗಿಲ್ಲ.