ಬೆಳ್ಳಕ್ಕಿ ಮತ್ತು ಪಾತ್ರೆ ಅಂಗಡಿ

"ಎಲ್ಲರಿಗೂ ಸ್ವಾಗತ! ಈ ಕಿಕ್ಕಿರಿದ ಸಭಾಂಗಣದಲ್ಲಿ..."

ಮೈಕಿನಲ್ಲಿ ಆ ದನಿ ಕೇಳುತ್ತಿದ್ದಂತೆ ಬಾಗಿಲಲ್ಲಿ ನಿಂತಿದ್ದ ಅವಳ ಎದೆ ಧಸಕ್ಕೆಂದಿತು.

ಅವನೇ! ಬೂದು ಬಣ್ಣದ ಕವಚ ತೊಟ್ಟು, ಕಂಕುಳಲ್ಲಿ ಶಿರಸ್ತ್ರಾಣ ಇಟ್ಟುಕೊಂಡು ವೇದಿಕೆಯ ಮೇಲೆ ನಿಂತಿದ್ದವನು ಅವನೇ!

ಸಭಾಂಗಣ ಕಿಕ್ಕಿರಿದೇನೂ ಇರಲಿಲ್ಲ. ಬ್ಯಾಡ್ಮಿಂಟನ್ ಗೆರೆಗಳ ಮೇಲೆ ಸಾಲಾಗಿ ಜೋಡಿಸಿದ್ದ ಕುರ್ಚಿಗಳಲ್ಲಿ ಮುಕ್ಕಾಲು ಪಾಲು ಖಾಲಿ. ಮುಂದಿನ ಸಾಲಿನಲ್ಲಿ ನೀಲಿ ಬಣ್ಣದ ಕೃತಕ ಕೂದಲು ಧರಿಸಿದ ಇಬ್ಬರು ಕಾಲೇಜು ಗೆಳತಿಯರು. ಅವರ ಪಕ್ಕ ಕೊಂಬು ಅಂಟಿಸಿಕೊಂಡು ರಾಕ್ಷಸರಾಜನಾಗಿ ಬಂದಿದ್ದ ಹಲ್ಲಿನ ಡಾಕ್ಟರು. ಹಿಂದೆ, ನರಿಯ ಬಾಲ ಕಟ್ಟಿಕೊಂಡ ಪುಟ್ಟ ಮಗಳ ಜೊತೆ ಬಂದು ತೂಕಡಿಸುತ್ತಿದ್ದ ಒಬ್ಬ ತಂದೆ. ಇನ್ನು ಅಲ್ಲೊಬ್ಬರು, ಇಲ್ಲೊಬ್ಬರು. ಜಪಾನಿನ ಕಾರ್ಟೂನ್ ಕಥೆಗಳ ಹುಚ್ಚು ಹಿಡಿಸಿಕೊಂಡವರು, ಆ ಕಥೆಗಳ ಪಾತ್ರಗಳ ವೇಷ ಹಾಕಿಕೊಂಡು ಸೇರುವ ಅನಿಮೆ ಮೇಳ ಅದು.

ಅವನ ಕಣ್ಣು ಬಾಗಿಲ ಕಡೆ ಹೊರಳಿತು.

ಮಾತು ನಿಂತುಹೋಯಿತು. ಮೈಕು ಕುಂಯ್ ಎಂದಿತು. ನರಿಯ ಬಾಲದ ಹುಡುಗಿ ಕಿವಿ ಮುಚ್ಚಿಕೊಂಡಳು.

ಅವನು ಮೆಟ್ಟಿಲಿಳಿದು ನೇರ ಅವಳ ಬಳಿಗೇ ಬಂದ.

"ಟಿಕೆಟ್ ತಗೊಂಡ್ರಾ?"

"ಹೂಂ..."

"ಕೂತ್ಕೊಳ್ಳಿ. ಎಲ್ಲಿ ಬೇಕಾದ್ರೂ ಕೂತ್ಕೋಬಹುದು, ಜಾಗಕ್ಕೇನು ಬರ ಇಲ್ಲ."

ಕೂತ್ಕೊಳ್ಳಿ! ನೀನು, ಕಣೇ ಎನ್ನುತ್ತಿದ್ದ ಬಾಯಲ್ಲಿ ಈಗ ಬಹುವಚನ. ಅವನು ನಾಲ್ಕು ಜನರ ಎದುರು ಬೈದಿದ್ದರೂ ಅವಳಿಗೆ ಇಷ್ಟು ನೋವಾಗುತ್ತಿರಲಿಲ್ಲ.

'ಬರಬಾರದಿತ್ತು... ಯಾವ ಮುಖ ಹೊತ್ತುಕೊಂಡು ಬಂದೆ ನಾನು?'

ಔಷಧಿ ಅಂಗಡಿಯ ಗೋಡೆಯ ಮೇಲೆ ಮೇಳದ ಭಿತ್ತಿಪತ್ರ ಕಂಡಾಗಲೇ ಅದು ಅವನ ಕೈಬರಹವೆಂದು ಅವಳಿಗೆ ತಿಳಿದಿತ್ತು. ಬಾಲ ಸುರುಳಿ ಸುತ್ತಿಕೊಂಡ ಆ 'ಳ' ಅಕ್ಷರವನ್ನು ಬೇರೆ ಯಾರೂ ಹಾಗೆ ಬರೆಯುವುದಿಲ್ಲ. ಆಗ ಅವನದು ಬೋರ್ಡ್ ಬರೆಯುವ ಅಂಗಡಿ. ಮೂರು ವರ್ಷದ ಹಿಂದಿನವರೆಗೆ ಅವಳ ಸಂಜೆಗಳೆಲ್ಲ ಕಳೆಯುತ್ತಿದ್ದುದು ಅದೇ ಅಂಗಡಿಯ ಹಿಂದಿನ ಕೋಣೆಯಲ್ಲಿ.

ಇಬ್ಬರಿಗೂ ಒಂದೇ ಕಥೆಯ ಹುಚ್ಚು. ಅದರಲ್ಲಿ ಅವಳು ಬೆಳ್ಳಕ್ಕಿ ರಾಣಿ, ಅವನು ರಾಣಿಯ ಕಬ್ಬಿಣದ ಕಾವಲುಗಾರ. ಅವಳು ಬಟ್ಟೆ ಹೊಲಿಯುತ್ತಿದ್ದಳು. ಅವನು ದಪ್ಪ ಫೋಮ್ ಹಾಳೆಗಳನ್ನು ಬಿಸಿ ಗಾಳಿಯಲ್ಲಿ ಬಾಗಿಸಿ, ಬಣ್ಣ ಬಳಿದು, ನೋಡಿದವರು ಕಬ್ಬಿಣವೇ ಎಂದು ಮುಟ್ಟಿ ನೋಡಬೇಕು, ಹಾಗೆ ಕವಚ ಮಾಡುತ್ತಿದ್ದ. ನಡೆದರೆ ಸೊಂಟಕ್ಕೆ ಕಟ್ಟಿದ ನಿಜವಾದ ತಗಡುಗಳು ಠಣ್ ಠಣ್ ಎನ್ನುತ್ತಿದ್ದವು.

"ಪಾತ್ರೆ ಅಂಗಡಿ ಬಂತು!" ಎಂದು ನಗುತ್ತಿದ್ದಳು ಅವಳು.

"ಬೆಳ್ಳಕ್ಕಿ, ಬಾಯಿ ಮುಚ್ಕೊಂಡು ಹೊಲಿ," ಎನ್ನುತ್ತಿದ್ದ ಅವನು.

ಪ್ರೀತಿ ಎಂಬ ಮಾತು ಇಬ್ಬರ ಬಾಯಲ್ಲೂ ಬಂದಿರಲಿಲ್ಲ. ಬಾರದೆ ಇದ್ದರೂ ಇತ್ತು.

ಆಮೇಲೆ ಅವಳಿಗೆ ದೊಡ್ಡ ವಕೀಲರೊಬ್ಬರ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಗಾಜಿನ ಬಾಗಿಲು, ಮೆತ್ತಗೆ ಮಾತಾಡುವ ಜನ. ಕೆಲಸಕ್ಕೆ ಸೇರಿದ ಹೊಸತರಲ್ಲೇ ಒಂದು ಸಂಜೆ ಮೇಳವಿತ್ತು. ಅವಳಿಗೆ ಹೊರಡಲು ತಡವಾಯಿತು. ಅವನು ಕರೆದೊಯ್ಯಲೆಂದು ಕವಚ ತೊಟ್ಟೇ ಬಂದುಬಿಟ್ಟ. ಠಣ್, ಠಣ್, ಠಣ್...

ಇಡೀ ಕಚೇರಿ ತಲೆಯೆತ್ತಿ ನೋಡಿತು.

"ಯಾರಮ್ಮ ಈ ಸರ್ಕಸ್ಸು? ನಿನಗೆ ಗೊತ್ತಾ?" ಎಂದರು ವಕೀಲರು.

"ಇಲ್ಲ ಸರ್... ಯಾವುದೋ ಅಂಗಡಿ ಜಾಹೀರಾತಿನವನಿರಬೇಕು."

ಎಲ್ಲರೂ ಗೊಳ್ಳೆಂದು ನಕ್ಕರು. ಅವಳೂ ನಕ್ಕಳು.

ಅವನು ಒಂದು ಕ್ಷಣ ಅವಳನ್ನೇ ನೋಡಿದ. ನಂತರ ತಲೆ ಬಾಗಿಸಿ, "ಕ್ಷಮಿಸಿ ಸರ್, ಬಾಗಿಲು ತಪ್ಪಿ ಬಂದೆ," ಎಂದು ಹೊರಟುಹೋದ. ಅವಳ ಮರ್ಯಾದೆಯನ್ನು ಅವನೇ ಉಳಿಸಿದ್ದ!

ನಾಳೆ ಹೋಗಿ ಕ್ಷಮೆ ಕೇಳುತ್ತೇನೆ ಎಂದುಕೊಂಡಳು. ನಾಳೆ ಎಂಬುದು ನಾಡಿದ್ದಾಯಿತು. ಕೊನೆಗೆ ಧೈರ್ಯ ಮಾಡಿ ಹೋದ ದಿನ ಅಂಗಡಿಯಲ್ಲಿ ಬೀಗ ದುರಸ್ತಿಯವರು ಕೂತಿದ್ದರು. "ಬೋರ್ಡಿನವರಾ? ಖಾಲಿ ಮಾಡ್ಕೊಂಡು ಹೋದ್ರು. ಎಲ್ಲಿಗೆ ಅಂತ ಹೇಳ್ಲಿಲ್ಲ."

ಈಗ ಆ ಖಾಲಿ ಕುರ್ಚಿಗಳ ನಡುವೆ ಕೂರಲಾರದೆ ಅವಳು ಮೂಲೆಯ ಚಹಾ ಮೇಜಿನ ಕಡೆ ನಡೆದಳು. ಅಲ್ಲಿ ಬೆಕ್ಕಿನ ಕಿವಿಯ ಪಟ್ಟಿ ತಲೆಗೆ ಸಿಕ್ಕಿಸಿಕೊಂಡ ವಯಸ್ಸಾದ ಹೆಂಗಸೊಬ್ಬರು ಚಹಾ ಸುರಿಯುತ್ತಿದ್ದರು. ಅವನ ತಾಯಿ. ಫೋಟೋದಲ್ಲಿ ನೋಡಿದ್ದಳಷ್ಟೇ.

"ತಗೋಮ್ಮ, ಇನ್ನೊಂದು ಲೋಟ ಬೇಕಾದ್ರೂ ಕುಡಿ. ಊರಿಗೆಲ್ಲ ಆಗೋಷ್ಟು ಮಾಡಿದೀನಿ, ಬಂದಿರೋದು ಮಾತ್ರ ಬೆರಳೆಣಿಕೆ ಜನ," ಎಂದು ನಿಟ್ಟುಸಿರಿಟ್ಟರು. "ನನ್ನ ಮಗನಿಗೆ ಹೇಳಿದೆ, ಯಾಕಪ್ಪಾ ಈ ಉಸಾಬರಿ ಅಂತ. ಕೇಳಿದ್ರೆ ತಾನೇ!"

"ಮನೇಲಿ... ನೀವಿಬ್ಬರೇನಾ ಅಮ್ಮ?" ಕೇಳಬಾರದೆಂದುಕೊಂಡೇ ಕೇಳಿದಳು.

"ಸೊಸೆ ಇದಾಳಲ್ಲ!" ತಾಯಿ ನಕ್ಕರು. "ಬಂಗಾರದಂಥವಳು. ಎದುರು ಮಾತಿಲ್ಲ, ಜಗಳ ಇಲ್ಲ. ಇವನು ಕೆಲಸದಿಂದ ಬಂದ್ರೆ ಸಾಕು, ಅವಳ ಮುಂದೇನೇ ಕೂತ್ಬಿಡ್ತಾನೆ. ಹೆತ್ತ ತಾಯಿ ಕಡೆ ತಿರುಗಿ ನೋಡಲ್ಲ!"

ಇನ್ನೇನೋ ಹೇಳಹೊರಟ ತಾಯಿಯನ್ನು ಆ ಹಲ್ಲಿನ ಡಾಕ್ಟರು ಸಕ್ಕರೆ ಕೇಳಲು ಕರೆದರು.

'ಒಳ್ಳೆಯದೇ ಆಯಿತಲ್ಲ... ಯಾರೋ ಒಬ್ಬಳು ಅವನನ್ನು ಹೆಮ್ಮೆಯಿಂದ ತನ್ನವನು ಅಂದಿದ್ದಾಳೆ. ನನಗೇಕೆ ಹೊಟ್ಟೆಯಲ್ಲಿ ಬೆಂಕಿ?'

ಲೋಟ ಇಟ್ಟು ಬಾಗಿಲ ಕಡೆ ತಿರುಗಿದಳು. ಅಷ್ಟರಲ್ಲಿ ಪರ್ರ್ ಎಂಬ ಸದ್ದು! ವೇದಿಕೆಯ ಪರದೆ ಎಳೆಯಲು ಕೈ ಎತ್ತಿದ್ದ ಅವನ ಕವಚದ ಭುಜಪಟ್ಟಿ ಹರಿದು, ಬೆನ್ನಿನ ಭಾಗ ಜೋತುಬಿದ್ದಿತ್ತು.

"ಅಮ್ಮಾ! ಸೂಜಿ ದಾರ ಇದ್ಯಾ?"

"ಇದೆ ಕಣೋ, ಆದ್ರೆ ದಾರ ಪೋಣಿಸೋಕೆ ನನಗೆ ಕಣ್ಣು ಕಾಣ್ಬೇಕಲ್ಲ!"

ಅವಳ ಕಾಲು ತಾನಾಗಿಯೇ ನಿಂತಿತು.

"ನಾನು ಹೊಲೀತೀನಿ."

ವೇದಿಕೆಯ ಹಿಂದೆ ಬಲೆ, ಚೆಂಡುಗಳನ್ನು ತುಂಬಿಟ್ಟ ಸಣ್ಣ ಕೋಣೆ. ಅವನು ಸ್ಟೂಲಿನ ಮೇಲೆ ಬೆನ್ನು ತಿರುಗಿಸಿ ಕೂತ. ಅವಳು ಹಿಂದೆ ನಿಂತು ಹೊಲಿಯತೊಡಗಿದಳು. ಮುಖ ಕಾಣದ್ದೇ ಅವಳಿಗೆ ಅನುಕೂಲವಾಯಿತು.

"ಆವತ್ತು..."

"ಆವತ್ತಿನ ಮಾತು ಬೇಡ ಬಿಡಿ."

"ಬೇಕು. ಗಂಟಲಲ್ಲೇ ಸಿಕ್ಕಿಕೊಂಡು ಕೂತಿದೆ, ನುಂಗೋಕೂ ಆಗ್ತಿಲ್ಲ." ಅವಳ ದನಿ ಒಡೆಯಿತು. "ನಿನ್ನ ನೋಡಿ ನಾಚಿಕೆ ಆಗ್ಲಿಲ್ಲ ಅಂತ ಸುಳ್ಳು ಹೇಳಲ್ಲ. ಆಯ್ತು. ಆಮೇಲೆ ನನ್ನ ಬಗ್ಗೆಯೇ ನಾಚಿಕೆ ಆಯ್ತು. ಅದು ಇವತ್ತಿಗೂ ಹೋಗಿಲ್ಲ. ತಪ್ಪಾಯ್ತು ಕಣೋ..."



"ನೀನು ಗೊತ್ತಿಲ್ಲ ಅಂದಿದ್ದಕ್ಕೆ ಬೇಜಾರಾಗ್ಲಿಲ್ಲ," ಎಂದ ಅವನು. "ಹೊಸ ಕೆಲಸ, ಹೆದರಿಕೆ... ಹೇಳ್ದೆ ಬಂದಿದ್ದು ನನ್ನದೂ ತಪ್ಪೇ. ಆದ್ರೆ ಅವರ ಜೊತೆ ನೀನೂ ನಕ್ಕೆ ನೋಡು... ಇಷ್ಟು ದಿನ ಇವಳು ನನ್ನ ನೋಡಿ ಮನಸ್ಸಲ್ಲೇ ನಗ್ತಿದ್ಳೇನೋ ಅನ್ನಿಸಿಬಿಡ್ತು."

"ದೇವರಾಣೆ ಇಲ್ಲ!"

"ಅಂಗಡಿಗೆ ಬರ್ತೀಯ ಅಂತ ಕಾದೆ. ಬೇಕಂತಲೇ ಬಾಗಿಲು ಹಾಕೋದು ತಡ ಮಾಡ್ತಿದ್ದೆ."

"ಬಂದಿದ್ದೆ."

ಅವನ ಬೆನ್ನು ಸೆಟೆಯಿತು. "ಯಾವಾಗ?"

"ಆ ವಾರವೇ. ಬೀದಿ ತಿರುವಿನ ತನಕ."

"ದೀಪ... ಉರೀತಿತ್ತಾ?"

"ಉರೀತಿತ್ತು. ನೀನು ಏಣಿ ಮೇಲೆ ನಿಂತು ಗಾಜು ಒರೆಸ್ತಿದ್ದೆ. ಏನಂತ ಮಾತು ಶುರು ಮಾಡ್ಲಿ ಅಂತ ತೋಚಲಿಲ್ಲ. ತಿರುಗಿ ಹೋಗ್ಬಿಟ್ಟೆ."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅಷ್ಟು ಹತ್ತಿರ ಬಂದಿದ್ದಳು! ಒಂದು ಸಲ ಕೂಗಿದ್ದರೆ ಸಾಕಿತ್ತು. ಅವನು ಒಂದು ಸಲ ತಿರುಗಿ ನೋಡಿದ್ದರೂ ಸಾಕಿತ್ತು.

ಅವಳು ಕಣ್ಣೊರೆಸಿಕೊಂಡು ಕೊನೆಯ ಗಂಟು ಹಾಕಿದಳು. "ಹೋಗ್ಲಿ ಬಿಡು. ಈಗ ಸುಖವಾಗಿದ್ದೀಯಲ್ಲ, ಅಷ್ಟು ಸಾಕು. ನಿನ್ನ ಹೆಂಡತಿ ಪುಣ್ಯವಂತೆ."

"ಯಾರು?"

"ಅಮ್ಮ ಹೇಳಿದ್ರು. ಬಂಗಾರದಂಥ ಸೊಸೆ..."

ಅವನು ಸರಕ್ಕನೆ ತಿರುಗಿದ. "ಅಯ್ಯೋ ಅಮ್ಮಾ! ಅದು ಬೊಂಬೆ ಕಣೇ! ಬಟ್ಟೆ ಅಂಗಡೀಲಿ ನಿಲ್ಲಿಸ್ತಾರಲ್ಲ, ಅದು. ನಡುಮನೇಲಿ ಇಟ್ಟಿದೀನಿ. ಬಂದವರಿಗೆಲ್ಲ ಸೊಸೆ ಅಂತ ಪರಿಚಯ ಮಾಡ್ಸೋದು ಅಮ್ಮನ ತಮಾಷೆ!"

"ಬೊಂಬೆನಾ? ಅದರ ಮುಂದೆ ಕೂತು ಏನು ಮಾಡ್ತೀಯ?"

ಅವನ ನಗು ಮೆಲ್ಲಗೆ ಆರಿತು.

"ಬೆಳ್ಳಕ್ಕಿ ರಾಣಿ ಉಡುಪು... ಅರ್ಧ ಹೊಲಿದು ಅಂಗಡೀಲೇ ಬಿಟ್ಟು ಹೋಗಿದ್ಯಲ್ಲ. ಮುಗಿಸೋಣ ಅಂತ ನೋಡ್ತಿದ್ದೆ. ನನಗೆ ಹೊಲಿಗೆ ಎಲ್ಲಿ ಬರುತ್ತೆ? ಹೊಲಿಯೋದು, ಸರಿ ಇಲ್ಲ ಅಂತ ಬಿಚ್ಚೋದು. ಮತ್ತೆ ಹೊಲಿಯೋದು..."

ಅವಳಿಂದ ತಡೆಯಲಾಗಲಿಲ್ಲ. ಬಲೆಗಳ ರಾಶಿಯ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅವನು ಕೈ ಚಾಚಿದ, ಅವಳ ತಲೆ ಮುಟ್ಟುವ ಮೊದಲೇ ಹಿಂದೆಳೆದುಕೊಂಡ. ಗಾಯ ಅವನಲ್ಲೂ ಇನ್ನೂ ಹಸಿಯಾಗಿತ್ತು.

ಹೊರಗೆ ಜನ ಕಾಯುತ್ತಿದ್ದರು. ಅವನು ಹೋಗಿ, ಇದ್ದಷ್ಟು ಜನರ ಎದುರೇ ಸಾವಿರ ಮಂದಿ ಇದ್ದಾರೆಂಬಂತೆ ವೇಷದ ಸ್ಪರ್ಧೆ ನಡೆಸಿದ. ನರಿಯ ಬಾಲದ ಹುಡುಗಿಗೆ ಬಹುಮಾನ ಬಂತು. ಅವಳ ತಂದೆ ಎಚ್ಚರಗೊಂಡು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದ.

ಎಲ್ಲ ಮುಗಿದ ಮೇಲೆ ಅವರಿಬ್ಬರೇ ಕುರ್ಚಿ ಮಡಚುತ್ತಿದ್ದರು.

"ಮುಂದಿನ ವರ್ಷ ನಾನು ಬಾಗಿಲ ಹತ್ರ ಟಿಕೆಟ್ ಹರೀತೀನಿ," ಎಂದಳು ಅವಳು.

"ಮುಂದಿನ ವರ್ಷ ಇಲ್ಲ. ಇಷ್ಟು ಕಡಿಮೆ ಜನಕ್ಕೆ ಹಾಲ್ ಕೊಡಲ್ಲ ಅಂದ್ರು. ಇದೇ ಕೊನೇದು."

ಅವಳ ಕೈ ನಿಂತಿತು. ಮೂರು ಮೇಳಗಳು ಅವಳಿಲ್ಲದೆ ಮುಗಿದಿದ್ದವು. ಬಂದದ್ದು ಕೊನೆಯದಕ್ಕೆ. ಯಾರನ್ನು ದೂರುವುದು?

"ನಿನ್ನ ಪ್ರೀತಿಸ್ತಿದ್ದೆ," ಎಂದಳು, ಕುರ್ಚಿಯನ್ನೇ ನೋಡುತ್ತಾ. "ಈಗಲೂ. ನೀನೇನೂ ಹೇಳ್ಬೇಕಾಗಿಲ್ಲ. ಇನ್ನೊಂದು ತಿರುವಲ್ಲಿ ನಿಂತು ವಾಪಸ್ ಹೋಗೋಕೆ ನನ್ನಿಂದ ಆಗಲ್ಲ, ಅದಕ್ಕೆ ಹೇಳ್ದೆ."

ಅವನು ಮಡಚಿದ ಕುರ್ಚಿಯನ್ನು ಗೋಡೆಗೆ ಒರಗಿಸಿದ.

"ನಾನೂ... ಒಂದು ದಿನವೂ ಬಿಟ್ಟಿರಲಿಲ್ಲ. ಆದ್ರೆ ಮೊದಲಿನ ಥರ ಆಗುತ್ತೋ ಇಲ್ವೋ, ನನಗೆ ಗೊತ್ತಿಲ್ಲ."

"ಮೊದಲಿನ ಥರ ಬೇಡ. ಮೊದಲಿನ ನಾನು ಅಷ್ಟೇನೂ ಒಳ್ಳೆಯವಳಲ್ಲ."

ಅವನ ತುಟಿಯಂಚಿನಲ್ಲಿ ಸಣ್ಣ ನಗು ಮೂಡಿತು. ಕಣ್ಣಲ್ಲಿ ನೀರೂ ಇತ್ತು.

ತಾಯಿಯನ್ನು ಆ ಡಾಕ್ಟರು ತಮ್ಮ ಕಾರಿನಲ್ಲಿ ಕೂರಿಸಿಕೊಂಡರು. ಬೆಕ್ಕಿನ ಕಿವಿ ತೆಗೆಯುವುದನ್ನು ಮರೆತಿದ್ದ ತಾಯಿ, ಕಿಟಕಿಯಿಂದ ಇಬ್ಬರನ್ನೂ ಒಮ್ಮೆ ನೋಡಿ, ಏನೂ ಕೇಳದೆ ಗಾಜು ಏರಿಸಿಕೊಂಡರು.

ಬಸ್ ನಿಲ್ದಾಣದ ತನಕ ಅವಳನ್ನು ಬಿಡಲು ಅವನೂ ಹೊರಟ. ಸಂಜೆಯ ಬಿಸಿಲು ರಸ್ತೆಯ ತುಂಬ ಹರಡಿತ್ತು. ದೂರದಲ್ಲಿ ಬಸ್ಸು ಬರುತ್ತಿರುವುದು ಕಂಡು ಅವಳು ಹೆಜ್ಜೆ ಚುರುಕು ಮಾಡಿದಳು.

"ನಿಧಾನಕ್ಕೆ ನಡಿ," ಎಂದ ಅವನು.

"ಬಸ್ ತಪ್ಪುತ್ತೆ!"

"ತಪ್ಪಲಿ."

ಅವಳು ತಿರುಗಿ ಅವನ ಮುಖ ನೋಡಿದಳು.

"ಇನ್ನೊಂದು ಬರೋದು ತುಂಬಾ ತಡ ಆಗುತ್ತೆ ಕಣೋ..."

"ಗೊತ್ತು," ಎಂದು ಅವನು ಅವಳ ಕೈ ಹಿಡಿದುಕೊಂಡ.