ಫುಲ್ಟನ್ ರಸ್ತೆಯ ಮನೆಯೊಡತಿ

ಮನೆಯ ಕ್ರಯಪತ್ರಕ್ಕೆ ಸಹಿ ಹಾಕುವ ದಿನಕ್ಕೆಂದೇ ಯಾರೆಲಿಸ್ ಕೆಂಪು ಕೋಟು ಕೊಂಡಿದ್ದಳು. ತನ್ನ ಮನೆಯನ್ನು ಕೊಳ್ಳುತ್ತಿರುವವಳು ಯಾರೆಂದು ಕಂಡಾಗ ವಿಲ್ಫ್ರೆದೋನ ಮುಖ ಹೇಗೆ ಬಿಳಿಚಿಕೊಳ್ಳಬಹುದು ಎಂದು ಎಷ್ಟೋ ಸಲ ಊಹಿಸಿ ಸುಖಪಟ್ಟಿದ್ದಳು.

ತಾಯಿಯ ಸಹಿ ಮೊದಲೇ ಹಾಕಿಸಿಕೊಂಡು ಅವನು ಬಂದ. ಮುಖ ಬಿಳಿಚಲಿಲ್ಲ. ಅವಳ ಕೋಟು ನೋಡಿದ, ಆಮೇಲೆ ನಿಧಾನವಾಗಿ ಕಣ್ಣುಗಳನ್ನು.

"ಕೆಂಪು ನಿನಗೆ ಒಪ್ಪುತ್ತೆ."

"ಸಹಿ ಹಾಕು," ಅಂದಳು ಯಾರೆಲಿಸ್.

ಕ್ಲೀವ್‌ಲ್ಯಾಂಡಿನ ಫುಲ್ಟನ್ ರಸ್ತೆಯ ಆ ಮನೆಯನ್ನು ಮೊದಲು ಹುಡುಕಿದವಳು ಅವಳೇ. ಇಬ್ಬರೂ ಮದುವೆಯ ಕನಸಿನಲ್ಲಿದ್ದ ಕಾಲ. ಕೆಳಗೊಂದು ಸಂಸಾರ, ಮೇಲೊಂದು ಸಂಸಾರ ಇರಬಹುದಾದ ಮನೆ. ಮೇಲೆ ತಾವಿರುವುದು, ಕೆಳಗಿನದರ ಬಾಡಿಗೆಯಲ್ಲೇ ಸಾಲದ ಕಂತು ಕಟ್ಟುವುದು, ಕೈ ಸ್ವಲ್ಪ ಗಟ್ಟಿಯಾದ ಮೇಲೆ ಇನ್ನೊಂದು ಮನೆ ಕೊಳ್ಳುವುದು. ಯೋಚನೆಯೆಲ್ಲ ಅವಳದು. ವಿಲ್ಫ್ರೆದೋ ಅವಳಿಗೆ ಒಂದು ಮಾತೂ ಹೇಳದೆ ತಾಯಿಯೊಡನೆ ಹೋಗಿ, ತಾಯಿ-ಮಗನ ಹೆಸರಿಗೇ ಅದನ್ನು ಕೊಂಡುಬಿಟ್ಟ.

"ಹೆಸರಲ್ಲೇನಿದೆ, ಹೇಗೂ ಅಲ್ಲೇ ಇರ್ತೀವಲ್ಲ," ಎಂದಿದ್ದ. ಯಾರೆಲಿಸ್ ಉಂಗುರ ಬಿಚ್ಚಿ ಅವನ ಕಾಫಿಗೆ ಹಾಕಿ ಎದ್ದುಹೋಗಿದ್ದಳು.

ಆಮೇಲೆ ದಂತವೈದ್ಯರ ಕ್ಲಿನಿಕ್ಕಿನಲ್ಲಿ ಕೆಲಸ, ಶನಿವಾರ ಮದುವೆಗಳಿಗೆ ಕೇಕು. ನಾಲ್ಕು ವರ್ಷ ಹಣ ಕೂಡಿಟ್ಟಳು. "ಮೊದಲನೇ ಮನೆಗೆ ಇದಕ್ಕಿಂತ ಒಳ್ಳೇದು ಸಿಗಲ್ಲ ಕಣಮ್ಮ," ಎಂದು ಬ್ರೋಕರ್ ಎಷ್ಟು ಮನೆ ತೋರಿಸಿದರೂ ಬೇಡವೆಂದು ತಲೆಯಾಡಿಸಿಬಿಡುತ್ತಿದ್ದಳು. ಅವಳಿಗೆ ಬೇಕಿದ್ದದ್ದು ಆ ಒಂದೇ ಮನೆ, ಅದರಲ್ಲಿ ಆ ತಾಯಿ-ಮಗ ಇಲ್ಲದಿರುವುದು. ಕೆಳಗೆ ತಾಯಿ, ಮೇಲೆ ಮಗ, ಎಲ್ಲಿಂದಲೂ ಬಾಡಿಗೆ ಬರದ ಮನೆ. ಛಾವಣಿ ಸೋರತೊಡಗಿದಾಗ ವಿಲ್ಫ್ರೆದೋ ಸೋತು ಮಾರಾಟದ ಬೋರ್ಡು ನೆಟ್ಟ. ಅವಳು ಕಾದಿದ್ದದ್ದು ಅದಕ್ಕೇ.

ಸಹಿಯಾದ ಮರುದಿನ ಬೆಳಿಗ್ಗೆಯೇ ಹೋದಳು. ಕೆಳಗಿನ ಅಡುಗೆಮನೆಯಲ್ಲಿ ವಿಲ್ಫ್ರೆದೋನ ತಾಯಿ ಇರ್ಮಾ ಅನ್ನಕ್ಕೆ ಹಸಿ ತೊಗರಿಕಾಳು ಹಾಕುತ್ತಿದ್ದರು.

"ಬಾರಮ್ಮ, ಮನೆಯೊಡತಿ. ಕೂತ್ಕೋ ಅನ್ನೋಕೂ ಈಗ ನಿನ್ನ ಅಪ್ಪಣೆ ಬೇಕೇನೋ."

"ತಿಂಗಳ ಕೊನೆಗೆ ಖಾಲಿ ಮಾಡ್ಬೇಕು, ಇರ್ಮಾ ಅಮ್ಮ."

ಇರ್ಮಾ ಸೌಟು ಕೆಳಗಿಟ್ಟರು. "ನಿನ್ನ ಹೆಸರು ಬೇಡ ಅಂದೋಳು ನಾನೇ. ನನ್ನ ಗಂಡ ಇಟ್ಕೊಂಡವಳ ಹೆಸರಿಗೆ ಮನೆ ಬರೆದು ನನ್ನ ಬೀದಿಗೆ ಹಾಕಿದ. ಅವತ್ತಿನಿಂದ ಇನ್ನೊಬ್ಬಳ ಹೆಸರು ಅಂದ್ರೇನೇ ನಡುಕ. ನಿನಗೆ ಮಾಡಿದ್ದು ತಪ್ಪೇ. ಅಳ್ತಾ ಕೂರಲ್ಲ. ಬಾಡಿಗೆ ಎಷ್ಟು, ಹೇಳು."

ಯಾರೆಲಿಸ್‌ಗೆ ಬೆಲ್ಲ ಕಚ್ಚಿದಂತಾಯಿತು. ಹೊರಗಟ್ಟುವುದಕ್ಕಿಂತ ಇದೇ ಸಿಹಿ ಅನ್ನಿಸಿತು.

"ಊರಲ್ಲಿ ಎಲ್ಲರೂ ಕೊಡೋವಷ್ಟೇ. ಮೇಲಿನ ಮನೇಲಿ ನಾನಿರ್ತೀನಿ. ತಿಂಗಳಾತಿಂಗಳು ನೀವೇ ಮೆಟ್ಟಿಲು ಹತ್ತಿ ಬಂದು ಕೊಡಬೇಕು."

"ನನ್ನ ಮಂಡಿನೋವು ಗೊತ್ತಲ್ಲ ನಿನಗೆ."

"ಗೊತ್ತು."

ಇರ್ಮಾ ನಕ್ಕುಬಿಟ್ಟರು. "ಸರಿಯಾದ ಸೊಸೇನ ಕಳ್ಕೊಂಡೆ ಕಣೇ ನಾನು."

"ನಿಮ್ಮ ಮಗ ಮಾತ್ರ ಹೋಗ್ಬೇಕು."

ಮೇಲೆ ವಿಲ್ಫ್ರೆದೋ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ. ರೆಪ್ಪೆಯ ಮೇಲೆ ಧೂಳು ಕೂತಿತ್ತು. ಒರೆಸಲು ಏಳುತ್ತಿದ್ದ ಕೈಯನ್ನು ಅವಳು ಕೋಟಿನ ಜೇಬಿಗೆ ತುರುಕಿದಳು.

"ನಿನ್ನೆ ನನ್ನ ನೋಡಿ ನಿನಗೆ ಯಾಕೆ ಆಶ್ಚರ್ಯ ಆಗ್ಲಿಲ್ಲ?"

"ಕೊಳ್ಳೋರ ಹೆಸರು ಕಾಗದದಲ್ಲಿ ಮೊದಲೇ ಬಂದಿರುತ್ತಲ್ಲ, ಯಾರಿ. ಇಬ್ಬರು ಕೇಳಿದ್ರು. ಇನ್ನೊಬ್ಬ ನಿನಗಿಂತ ಜಾಸ್ತಿ ಕೊಡ್ತಿದ್ದ."

"ಮತ್ತೆ?"

"ನಿನಗೆ ಕೊಟ್ಟೆ."

ನಾಲ್ಕು ವರ್ಷ ಕಾಪಿಟ್ಟ ಸೇಡು ಅವಳ ಕೈಯಿಂದ ಜಾರಿದಂತಾಯಿತು. "ಅಂದ್ರೆ ನಾನು ಗೆದ್ದಿಲ್ಲ. ನೀನು ದಾನ ಮಾಡಿದ್ದು."

"ದಾನ ಅಲ್ಲ. ಮೊದಲಿಂದ ಇದು ನಿಂದೇ."

"ಅವತ್ತು ನನ್ನ ಕೇಳದೆ ತಗೊಂಡೆ. ಈಗ ನನ್ನ ಕೇಳದೆ ಕೊಟ್ಟೆ. ನನಗೊಂದು ಮಾತು ಹೇಳ್ಬೇಕು ಅಂತ ನಿನಗೆ ಅನ್ಸೋದೇ ಇಲ್ವಾ ವಿಲ್ಫ್ರೆದೋ?"

ಅವನು ತಲೆ ತಗ್ಗಿಸಿದ. "ಹೇಳಿದ್ರೆ ನೀನು ಕೊಳ್ತಿರ್ಲಿಲ್ಲ."

"ಇಲ್ಲ, ಕೊಳ್ತಿರ್ಲಿಲ್ಲ."

"ಹೇಳದೆ ಇಟ್ಕೊಂಡಿರೋದು ಇನ್ನೊಂದಿದೆ. ಅದನ್ನ ಈಗಲೇ ಹೇಳ್ಬಿಡ್ತೀನಿ. ಒಂದು ದಿನವೂ ನಿನ್ನ ಮರೆತಿಲ್ಲ."

ಕಿಟಕಿಯ ಬೆಳಕು ಅವನ ಕತ್ತಿನ ಮೇಲೆ ಬಿದ್ದಿತ್ತು. ಅವಳು ಅದನ್ನು ಬೇಕಿದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು.

"ಶನಿವಾರ ಕೀ ಕೊಟ್ಟು ಹೋಗು."

"ಆಮೇಲೆ?"

"ಬರಬೇಕು ಅನ್ನಿಸಿದ್ರೆ ಬಂದು ಬಾಗಿಲು ತಟ್ಟು. ತೆಗೆಯೋದು ಬಿಡೋದು ನನ್ನಿಷ್ಟ."

ಹೇಳಿದ ದಿನ ಕೀ ಕೊಟ್ಟು ಹೋದ. ಮುಂದಿನ ವಾರ, ಅವಳು ಮೇಲಿನ ಮನೆಯ ಗೋಡೆಗೆ ಬಣ್ಣ ಬಳಿಯುತ್ತಿದ್ದ ಸಂಜೆ, ಹೊರಗಿನ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಯಾರೋ ಬಾಗಿಲು ತಟ್ಟಿದರು, ಮೆಲ್ಲಗೆ.

ಯಾರೆಲಿಸ್ ಬ್ರಷ್ಷನ್ನು ಇನ್ನೊಮ್ಮೆ ಬಣ್ಣಕ್ಕೆ ಅದ್ದಿದಳು.

"ಹಿಮ ಬೀಳ್ತಿದೆ ಕಣೇ," ಕೆಳಗಿನಿಂದ ಇರ್ಮಾ ಕೂಗಿದರು. "ಸಾಯಿಸಬೇಕು ಅಂತಿದ್ರೆ ಒಳಗೆ ಕರೆದು ಸಾಯಿಸು."

ಅವಳು ಗೋಡೆಯ ಮೂಲೆಯವರೆಗೂ ಬಳಿದು ಮುಗಿಸಿ, ಕೈ ತೊಳೆದು, ಆಮೇಲೆ ಚಿಲಕ ತೆಗೆದಳು. ಹಿಮ ಬಿದ್ದು ಅವನ ಕೂದಲೆಲ್ಲ ಬೆಳ್ಳಗಾಗಿತ್ತು. ಎರಡನೇ ಸಲ ತಟ್ಟದೆ ನಿಂತಿದ್ದ.

"ಯಾರು ಬೇಕಿತ್ತು?"

"ಈ ಮನೆಯವಳು."

ತನ್ನ ಮೈಗೆ ತಾಕದೆ ಅವನು ಒಳಗೆ ಬರಲಾಗದಷ್ಟು ಮಾತ್ರ ಅವಳು ಬಾಗಿಲು ತೆರೆದಳು.